ಕೊನೆಯ ಬೆಂಚಿನ ಪಾಲು

“ಕಲಾವಿದನಿಗೆ ಹೆಮ್ಮೆ ಇರಬಹುದಾ ಮೇಷ್ಟ್ರೇ?”

ಪ್ರಾಣೇಶ ಬಂದವನೇ ಕೇಳಿದ ಪ್ರಶ್ನೆ ಇದು. ಪಿಟೀಲಿನ ಪೆಟ್ಟಿಗೆಯನ್ನು ಗೋಡೆಗೆ ಒರಗಿಸಿದ್ದ, ಬಿಚ್ಚಿರಲಿಲ್ಲ. ಹನ್ನೊಂದು ವರ್ಷದಿಂದ ಕಲಿಯುತ್ತಿದ್ದ ಶಿಷ್ಯ ಪಾಠಕ್ಕೆ ಬಂದು ಪೆಟ್ಟಿಗೆ ಬಿಚ್ಚದೆ ಕೂತದ್ದು ಅದೇ ಮೊದಲು. ಏನಾಯಿತೆಂದು ಪಿಟೀಲು ಮೇಷ್ಟ್ರು ವಿಚಾರಿಸಿದರು.

ಆದದ್ದು ಇಷ್ಟು. ಹಿಂದಿನ ದಿನ ಊರಿನ ದೊಡ್ಡ ವರ್ತಕರೊಬ್ಬರ ಷಷ್ಟ್ಯಬ್ದಿ. ಕಲ್ಯಾಣ ಮಂಟಪದಲ್ಲಿ ಪ್ರಾಣೇಶನ ಕಚೇರಿ ಇಟ್ಟಿದ್ದರು. ಆಲಾಪನೆ ಕುದುರುತ್ತಿತ್ತು. ಊಟದ ಮನೆಯ ಬಾಗಿಲಲ್ಲಿ ಬಡಿಸುವವರು ನಾಲ್ಕೈದು ಮಂದಿ ಸಾರಿನ ಬಕೆಟ್ಟು ಹಿಡಿದೇ ನಿಂತು ಕೇಳುತ್ತಿದ್ದರು. ಅಷ್ಟರಲ್ಲಿ ವರ್ತಕರ ಮಗ ವೇದಿಕೆಗೆ ಬಂದು, ಮುಂದಿನ ಸಾಲಿನ ಹಿರಿಯರಿಗೆ ಮಾತಾಡಲು ತೊಂದರೆಯಾಗುತ್ತಿದೆ, ಮೈಕು ತಗ್ಗಿಸಿಕೊಳ್ಳಿ ಎಂದು ಕಿವಿಯಲ್ಲಿ ಹೇಳಿದ. ಪ್ರಾಣೇಶ ಕೈಮುಗಿದು ತಗ್ಗಿಸಿಕೊಂಡ. ಬಾಗಿಲಲ್ಲಿದ್ದವರು ಸ್ವಲ್ಪ ಹೊತ್ತು ಕಿವಿಗೊಟ್ಟು ನೋಡಿ ಒಳಗೆ ಹೋದರು. ಕೊನೆಯಲ್ಲಿ ವರ್ತಕರು ಶಾಲು ಹೊದಿಸಿ, ಇಂಥ ವಿದ್ಯೆಗೆ ಇಂಥ ವಿನಯ, ಚಿನ್ನಕ್ಕೆ ಕುಂದಣವಿಟ್ಟ ಹಾಗೆ ಎಂದು ಮೈಕಿನಲ್ಲಿ ಹೊಗಳಿದರು.

ಆಗ ಮೈಕನ್ನು ಪೂರ್ತಿ ಏರಿಸಿದ್ದರು ತಾನೇ ಎಂದು ಮೇಷ್ಟ್ರು ಕೇಳಿದರು. ಪ್ರಾಣೇಶ ಹೌದೆಂದ.

ಎಲ್ಲರೂ ಹೊಗಳಿದರೂ ಅವನ ಎದೆಯಲ್ಲಿ ಒಂದು ಮುಳ್ಳು ಉಳಿದಿತ್ತು. ಅದು ಅಹಂಕಾರದ ಮುಳ್ಳೇ ಇರಬೇಕೆಂದು ಅವನ ಅನುಮಾನ. ವಿದ್ಯೆಗೆ ವಿನಯವೇ ಭೂಷಣ ಎಂಬ ಮಾತು ಕೇಳುತ್ತಲೇ ಬೆಳೆದವನು. ಹಾಗಾಗಿ ಕೇಳಿದ್ದ.

ಮೇಷ್ಟ್ರು ಎಲೆ ಅಡಿಕೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಈ ಕತೆ ಹೇಳಿದರು.

ಒಂದು ಗಣಿಯ ಊರು. ನೆಲದ ಕೆಳಗಿನಿಂದ ಚಿನ್ನ ತೆಗೆಯುವ ಊರು. ತೆಗೆಯುವವರು ತಗಡಿನ ಮನೆಗಳಲ್ಲಿದ್ದರು. ತೆಗೆಸುವವರು ಬಂಗಲೆಗಳಲ್ಲಿದ್ದರು. ಬಂಗಲೆಯವರಿಗೆ ಒಂದು ಕ್ಲಬ್ಬು, ಕ್ಲಬ್ಬಿನ ಹಾಲಿನಲ್ಲಿ ಒಂದು ಪಿಯಾನೊ. ಪ್ರತಿ ಶನಿವಾರ ಸಂಜೆ ಯಾರಾದರೊಬ್ಬ ದೊರೆಸಾನಿ ಅದನ್ನು ನುಡಿಸುವಳು. ಕೆಲಸಗಾರರು ಕ್ಲಬ್ಬಿನ ಒಳಗೆ ಕಾಲಿಡುವಂತಿರಲಿಲ್ಲ. ಹಿಂದಿನ ಗೋಡೆಯ ಆಚೆ ಕೂರಬಾರದೆಂದು ಮಾತ್ರ ಯಾರೂ ಹೇಳಿರಲಿಲ್ಲ. ಆದ್ದರಿಂದ ಶನಿವಾರ ಪಾಳಿ ಮುಗಿಸಿದವರು ಮೈ ತೊಳೆದು, ಹೆಂಡಿರು ಮಕ್ಕಳನ್ನು ಕರೆದುಕೊಂಡು ಬಂದು, ಆ ಗೋಡೆಗೆ ಒರಗಿ ಕೂತು ಕೇಳುತ್ತಿದ್ದರು.

ಪಿಯಾನೊ ನೀನು ಹತ್ತಿರದಿಂದ ಕಂಡಿದ್ದೀಯೋ ಇಲ್ಲವೋ. ಅದರಲ್ಲಿ ಎಡಗೈ ದಪ್ಪ ಸ್ವರಗಳನ್ನು ಹಿಡಿದು ನಡೆ ಕೊಡುತ್ತದೆ. ರಾಗ ಹೆಚ್ಚಾಗಿ ಬಲಗೈಯದು, ಸಣ್ಣ ಸ್ವರಗಳದ್ದು. ದಪ್ಪ ಸ್ವರ ಗೋಡೆ ತೂರಿ ಬರುತ್ತದೆ. ಸಣ್ಣ ಸ್ವರ ನೆಲಕ್ಕೆ ಹಾಸಿದ ಕಂಬಳಿ, ಪರದೆ, ಸೋಫಾಗಳಲ್ಲೇ ಇಂಗಿಹೋಗುತ್ತದೆ. ಗೋಡೆಯ ಆಚೆ ಕೂತವರಿಗೆ ಬರುತ್ತಿದ್ದದ್ದು ಎಡಗೈ ಒಂದೇ. ದುಂ ದುಂ ದುಮ್ಮ, ದುಂ ದುಂ ದುಮ್ಮ. ಬರೀ ಮೃದಂಗ ಕೇಳಿ ಅದೇ ಕೀರ್ತನೆ ಅಂದುಕೊಂಡ ಹಾಗೆ.

ಅವರಿಗೆ ಅದು ತಿಳಿಯುವ ದಾರಿ ಇರಲಿಲ್ಲ. ಅದೇ ಪೂರ್ತಿ ಹಾಡೆಂದು ನಂಬಿದರು, ನಂಬಿ ಪ್ರೀತಿಸಿದರು. ದೊರೆಸಾನಿಯರು ಪ್ರತಿ ಶನಿವಾರ ಕೊನೆಗೆ ನುಡಿಸುತ್ತಿದ್ದ ಒಂದು ಸಣ್ಣ ಗೀತೆಯಂತೂ ತಗಡಿನ ಮನೆಗಳಲ್ಲಿ ಜೋಗುಳವೇ ಆಗಿಹೋಯಿತು. ತಾಯಂದಿರು ದುಂ ದುಂ ದುಮ್ಮ ಎಂದು ತೊಟ್ಟಿಲು ತೂಗಿದರು. ಮಕ್ಕಳೂ ಮಲಗಿದವು. ನಗಬೇಡ. ಪ್ರೀತಿಯಿಂದ ಹಾಡಿದರೆ ಮಕ್ಕಳು ಯಾವುದಕ್ಕೂ ಮಲಗುತ್ತವೆ.

ಹಾಗೆ ಗೋಡೆಗೆ ಒರಗಿ ಕೇಳುತ್ತಿದ್ದವರಲ್ಲಿ ಬಂಡೆ ಕೊರೆಯುವ ಕೆಲಸಗಾರನೊಬ್ಬನ ಮಗಳಿದ್ದಳು. ಗಣಿಯೊಳಗೆ ಅವನ ಜೊತೆಯಲ್ಲಿ ಕೊರೆಯುತ್ತಿದ್ದ ಗೆಳೆಯ ಒಬ್ಬ. ಇಬ್ಬರದೂ ಒಂದೇ ಪಾಳಿ, ಒಂದೇ ಬುತ್ತಿ. ಹುಡುಗಿ ಆ ಗೆಳೆಯನನ್ನು ದೊಡ್ಡಪ್ಪ ಎನ್ನುತ್ತಿದ್ದಳು. ಶನಿವಾರ ಅಪ್ಪನ ತೊಡೆ ಸಾಕಾದರೆ ದೊಡ್ಡಪ್ಪನ ಹೆಗಲೇರುತ್ತಿದ್ದಳು.

ಶಾಲೆಯ ಸಿಸ್ಟರ್ ಒಬ್ಬರು ಈ ಹುಡುಗಿಯ ಕಿವಿ ಸೂಕ್ಷ್ಮವಾದದ್ದೆಂದು ಕಂಡುಕೊಂಡರು. ಅವಳಿಗೆ ಒಂಬತ್ತು ವರ್ಷವಾದಾಗ ಕ್ಲಬ್ಬಿನವರ ಅಪ್ಪಣೆ ಪಡೆದು ಒಂದು ಮಧ್ಯಾಹ್ನ ಪಿಯಾನೊದ ಮುಂದೆ ಕೂರಿಸಿದರು. ಯಾವ ಹಾಡು ಬೇಕು ಎಂದು ಕೇಳಿದರು. ಹುಡುಗಿ ದುಂ ದುಂ ದುಮ್ಮ ಎಂದು ಜೋಗುಳವನ್ನು ಹೇಳಿ ತೋರಿಸಿದಳು. ಸಿಸ್ಟರ್‌ಗೆ ಗುರುತು ಸಿಗಲು ಸ್ವಲ್ಪ ಹೊತ್ತು ಹಿಡಿಯಿತು. ಸಿಕ್ಕಿದ ಮೇಲೆ ನಗುತ್ತ ಎರಡೂ ಕೈಯಲ್ಲಿ ನುಡಿಸಿದರು.

ಹುಡುಗಿಗೆ ಖುಷಿಯಾಗಲಿಲ್ಲ, ಸಿಟ್ಟು ಬಂತು. ಮೇಲಿನದನ್ನು ನಮಗೆ ಯಾಕೆ ಕೊಡಲಿಲ್ಲ ಎಂದು ಕೇಳಿದಳು. ಕೊಡಬಾರದೆಂದು ಯಾರೂ ಬಚ್ಚಿಟ್ಟಿರಲಿಲ್ಲ. ಗೋಡೆಯ ಆಚೆ ಕಿವಿಗಳಿವೆ ಎಂಬುದು ಒಳಗಿನವರ ಮನಸ್ಸಿಗೇ ಬಂದಿರಲಿಲ್ಲ.

ಮನೆಗೆ ಹೋಗಿ ಅಪ್ಪನಿಗೆ ಹೇಳಬೇಕೆಂದು ಬಾಯಿ ತೆರೆದಳು. ಅಪ್ಪ ಅವಳ ತಮ್ಮನ ತೊಟ್ಟಿಲು ತೂಗುತ್ತ, ಕಣ್ಣು ಮುಚ್ಚಿ, ದುಂ ದುಂ ಎನ್ನುತ್ತಿದ್ದ. ಹುಡುಗಿ ಬಾಯಿ ಮುಚ್ಚಿಕೊಂಡಳು. ಆಮೇಲೂ ಆ ಊರಿನಲ್ಲಿ ಆ ಮಾತನ್ನು ಯಾರಿಗೂ ಹೇಳಲಿಲ್ಲ. ನೀವು ಅರ್ಧ ಹಾಡು ಹಾಡುತ್ತಿದ್ದೀರಿ ಎಂದು ಪ್ರೀತಿಸಿ ಹಾಡುವವರಿಗೆ ಹೇಗೆ ಹೇಳುವುದು?

ಎಂಟು ವರ್ಷ ಸಿಸ್ಟರ್ ಹತ್ತಿರ ಕಲಿತಳು. ಎಲ್ಲರಿಗೂ ಬಲಗೈ ಮೊದಲು ಪಳಗುತ್ತದೆ, ಎಡಗೈ ಕುಂಟುತ್ತ ಹಿಂದೆ ಬರುತ್ತದೆ. ಇವಳದು ತಿರುಗುಮುರುಗು. ಎಡಗೈ ಹಾಡುತ್ತಿತ್ತು, ಬಲಗೈ ಹೆದರುತ್ತಿತ್ತು. ಬಲಗೈಯ ಹೆದರಿಕೆ ಬಿಡಿಸಲು ದಿನಕ್ಕೆ ಆರು ತಾಸು ಕೂತಳು. ಅವಳು ನುಡಿಸುವ ಸದ್ದು ಕೇಳಲು ಅಪ್ಪ ಪಾಳಿ ಇಲ್ಲದ ದಿನ ಬರುತ್ತಿದ್ದ. ಮಗಳು ಒಳಗೆ, ಅವನು ಗೋಡೆಯ ಆಚೆ. ಕ್ಲಬ್ಬಿನ ನಿಯಮ ಮಗಳಿಗಾಗಿ ಸಡಿಲವಾಗಿತ್ತೇ ಹೊರತು ಅಪ್ಪನಿಗಾಗಿ ಅಲ್ಲ.

ಹದಿನೇಳನೆಯ ವಯಸ್ಸಿನಲ್ಲಿ ವಿದ್ಯಾರ್ಥಿವೇತನ ಸಿಕ್ಕಿ ಹಡಗು ಹತ್ತಿದಳು. ಪರದೇಶದ ಚಳಿಯಲ್ಲಿ ಬೆರಳು ಸೆಟೆಯುತ್ತಿದ್ದವು. ಬಿಸಿನೀರಿನಲ್ಲಿ ಅದ್ದಿ ಅದ್ದಿ ನುಡಿಸಿದಳು. ಜೊತೆಯವರು ಅವಳ ಮಾತಿನ ಧಾಟಿಗೆ ನಗುತ್ತಿದ್ದರು. ಪಿಯಾನೊದ ಮುಂದೆ ಕೂತಾಗ ನಗುತ್ತಿರಲಿಲ್ಲ. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಒಂದು ದೊಡ್ಡ ಸ್ಪರ್ಧೆಗೆ ನಿಂತಳು. ಇಪ್ಪತ್ತು ದೇಶಗಳ ಯುವಕ ಯುವತಿಯರು, ಏಳು ಮಂದಿ ತೀರ್ಪುಗಾರರು. ಅವಳು ಮುಗಿಸಿದ ಮೇಲೆ ತೀರ್ಪುಗಾರರಲ್ಲಿ ಹಿರಿಯನೊಬ್ಬ ನಿಯಮ ಮುರಿದು ಒಂದು ಪ್ರಶ್ನೆ ಕೇಳಿದ. ನಲವತ್ತು ವರ್ಷ ಪಾಠ ಹೇಳಿದ್ದೇನೆ, ಇಂಥ ಎಡಗೈ ನೋಡಿಲ್ಲ, ಇದನ್ನು ಎಲ್ಲಿ ಕಲಿತೆ ಎಂದ. ಗೋಡೆಯ ಆಚೆ ಕಲಿತೆ ಎಂದಳು. ಅವನಿಗೆ ಅರ್ಥವಾಗಲಿಲ್ಲ. ಮೊದಲ ಬಹುಮಾನ ಮಾತ್ರ ಅವಳಿಗೇ ಬಂತು.

ಊರಿಗೆ ತಂತಿ ಹೋಯಿತು. ಅಪ್ಪ ಅಷ್ಟರಲ್ಲಿ ಎದೆಗೆ ಕಲ್ಲಿನ ಧೂಳು ಕೂತು ತೀರಿಕೊಂಡಿದ್ದ. ಆ ತಂತಿಯನ್ನು ಹಿಡಿದು ತಗಡಿನ ಮನೆ ಮನೆಗೆ ತೋರಿಸಿಕೊಂಡು ಬಂದವನು ದೊಡ್ಡಪ್ಪ. ಅವನಿಗೆ ಓದಲು ಬರುತ್ತಿರಲಿಲ್ಲ. ಆದರೂ ಬೆರಳಿಟ್ಟು, ಇಲ್ಲಿ ನೋಡಿ ನಮ್ಮ ಹುಡುಗಿಯ ಹೆಸರು ಎಂದು ಸರಿಯಾದ ಜಾಗವನ್ನೇ ತೋರಿಸುತ್ತಿದ್ದನಂತೆ.

ಮುಂದಿನ ಮೂವತ್ತೇಳು ವರ್ಷ ಅವಳದು. ಅವಳು ನುಡಿಸದ ದೊಡ್ಡ ಊರಿಲ್ಲ. ಆರು ತಿಂಗಳು ಮುಂಚೆ ಟಿಕೆಟ್ಟು ಮುಗಿಯುತ್ತಿತ್ತು. ಅವಳ ಧ್ವನಿಮುದ್ರಿಕೆಗಳನ್ನು ಮುಂದಿಟ್ಟುಕೊಂಡು ಪಾಠ ಹೇಳುವವರಿದ್ದರು. ಅವಳ ಎಡಗೈಯ ಮೇಲೆ ಪುಸ್ತಕ ಬರೆದವರೂ ಇದ್ದರು. ಬರೆಯುವವರಿಗೇನು, ಕೈ ಸಿಕ್ಕರೆ ಕೈ, ಕಾಲು ಸಿಕ್ಕರೆ ಕಾಲು.

ಆದರೆ ಅವಳಿಗೆ ಒಂದು ಅಭ್ಯಾಸವಿತ್ತು. ಯಾವ ಊರಿಗೆ ಹೋದರೂ ಕಚೇರಿಯ ದಿನ ಮಧ್ಯಾಹ್ನವೇ ಸಭಾಂಗಣಕ್ಕೆ ಹೋಗುವಳು. ಪಿಯಾನೊಗೆ ಶ್ರುತಿ ಮಾಡುವವನೊಬ್ಬ ಅವಳ ಜೊತೆಗಿರುತ್ತಿದ್ದ. ಅವನನ್ನು ನುಡಿಸಲು ಹೇಳಿ ತಾನು ಹೋಗಿ ಎಲ್ಲಕ್ಕಿಂತ ಹಿಂದಿನ, ಎಲ್ಲಕ್ಕಿಂತ ಅಗ್ಗದ ಸೀಟಿನಲ್ಲಿ ಕೂರುವಳು. ಬಲಗೈಯ ಸಣ್ಣ ಸ್ವರ, ಅದೂ ಮೆಲ್ಲಗೆ ನುಡಿಸಿದ್ದು, ಅಲ್ಲಿಗೆ ತಲುಪಬೇಕು. ತಲುಪದಿದ್ದರೆ ಪಿಯಾನೊ ಜರುಗಿಸಬೇಕು, ಪರದೆ ತೆಗೆಸಬೇಕು, ಕಂಬಳಿ ಸುತ್ತಬೇಕು. ಇಲ್ಲವೆಂದರೆ ಕಚೇರಿ ಇಲ್ಲ.

ಒಂದು ರಾಜಧಾನಿಯಲ್ಲಿ ರಾಣಿಯೇ ಕೇಳಲು ಬರುವವಳಿದ್ದಳು. ಬಾಗಿಲಿನಿಂದ ವೇದಿಕೆಯವರೆಗೆ ಮೂರು ಬೆರಳು ದಪ್ಪದ ರತ್ನಗಂಬಳಿ ಹಾಸಿದ್ದರು. ಅದನ್ನು ಸುತ್ತಿಸಿದಳು. ರಾಣಿ ಬರೀ ಹಲಗೆಯ ಮೇಲೆ ಟಕಟಕ ನಡೆದು ಬಂದು ಕೂತಳು. ರಾಣಿ ಏನೂ ಅನ್ನಲಿಲ್ಲ. ಅನ್ನುವುದನ್ನೆಲ್ಲ ಜೊತೆಯಲ್ಲಿದ್ದವರು ಅಂದರು.

ಪತ್ರಿಕೆಗಳು ಅವಳನ್ನು ಜಂಬದ ಕೋಳಿ ಎಂದು ಕರೆದವು. ಅವಳು ಕೋಣೆ ಚಿಕ್ಕದಾಯಿತೆಂದು ಗೊಣಗಿದ್ದನ್ನು ಯಾರೂ ಕೇಳಿರಲಿಲ್ಲ. ಹಾರ ಹಾಕಲು ಮರೆತರೆ ಅವಳಿಗೂ ಮರೆತಿರುತ್ತಿತ್ತು. ತಣ್ಣನೆಯ ಇಡ್ಲಿ ಕೊಟ್ಟರೆ ತಣ್ಣನೆಯ ಇಡ್ಲಿ ತಿನ್ನುತ್ತಿದ್ದಳು. ಆ ಕೊನೆಯ ಸೀಟಿನ ವಿಷಯದಲ್ಲಿ ಮಾತ್ರ ಅವಳನ್ನು ಕೂದಲೆಳೆಯಷ್ಟೂ ಅಲುಗಿಸಲು ಆಗುತ್ತಿರಲಿಲ್ಲ. ಕಾರಣ ಕೇಳಿದವರಿಗೆ ಹೇಳುತ್ತಲೂ ಇರಲಿಲ್ಲ. ತಲೆ ಎತ್ತಿಕೊಂಡೇ ನಡೆದಳು, ಆ ತಲೆ ಅವಳಿಗೆ ಒಪ್ಪುತ್ತಿತ್ತು. ನಾನು ಅವಳನ್ನು ಒಮ್ಮೆ ದೂರದಿಂದ ನೋಡಿದ್ದೇನೆ. ನೋಡಿದವರ ಬೆನ್ನೂ ನೆಟ್ಟಗಾಗುವಂಥ ನಡಿಗೆ.

ಅವಳಿಗೆ ಅರವತ್ತಾದಾಗ ಹುಟ್ಟಿದ ಊರಿನವರು ಕರೆದರು. ಗಣಿ ಮುಚ್ಚಿಹೋಗಿತ್ತು. ಬಂಗಲೆಯವರು ಎಂದೋ ಹೋಗಿದ್ದರು. ಕ್ಲಬ್ಬು ಪುರಸಭೆಯ ಹಾಲಾಗಿತ್ತು. ಹಳೆಯ ಪಿಯಾನೊ ಗೆದ್ದಲು ಹಿಡಿದು ಹೋಗಿದ್ದರಿಂದ ದೂರದ ನಗರದಿಂದ ದೊಡ್ಡದೊಂದನ್ನು ಲಾರಿಯಲ್ಲಿ ತರಿಸಿದ್ದರು. ಸನ್ಮಾನ ಸಮಿತಿಯ ಅಧ್ಯಕ್ಷ ಬೇರೆ ಯಾರೂ ಅಲ್ಲ, ದೊಡ್ಡಪ್ಪ. ಎಂಬತ್ತೆಂಟು ವರ್ಷ, ಕೋಲು ಹಿಡಿದ ಕೈ. ಅಲಂಕಾರವೆಲ್ಲ ಅವನೇ ನಿಂತು ಮಾಡಿಸಿದ್ದು.

ಆ ದೊಡ್ಡ ಪಿಯಾನೊಗೆ ಬೆನ್ನ ಮೇಲೆ ಬಾಗಿಲಿನಷ್ಟು ಅಗಲದ ಮುಚ್ಚಳವಿರುತ್ತದೆ. ಅದನ್ನು ಎತ್ತಿ ಕೋಲಿನ ಆಸರೆ ಕೊಟ್ಟು ನಿಲ್ಲಿಸಿದರೆ ದನಿ ಸಭೆಯ ಕಡೆಗೆ ಹೋಗುತ್ತದೆ. ಊರಿನವರಿಗೆ ಇದೆಲ್ಲ ಗೊತ್ತಿಲ್ಲ. ಅಷ್ಟು ನುಣುಪಾದ, ಅಷ್ಟು ಅಗಲವಾದ ಜಾಗ ಬರಿದಾಗಿರುವುದು ಅವರಿಗೆ ಸರಿಕಾಣಲಿಲ್ಲ. ಮುಚ್ಚಳವನ್ನು ಭದ್ರವಾಗಿ ಮುಚ್ಚಿ, ಮೇಲೆ ಜರಿಯ ಶಾಲು ಹಾಸಿದರು. ಎರಡು ಕಡೆ ಹೂದಾನಿ, ನಡುವೆ ಬೆಳ್ಳಿಯ ದೀಪ. ದೀಪದ ಹಿಂದೆ ಅವಳ ಅಪ್ಪನ ಫೋಟೋ, ಗಂಧದ ಹಾರ ಹಾಕಿದ್ದು. ಕೆಳಗೆ ಮುಂದಿನ ಅರ್ಧ ಹಾಲಿಗೆ ಕಂಬಳಿ, ಅದರ ಮೇಲೆ ಗಣ್ಯರಿಗೆ ಸೋಫಾಗಳು. ಅವುಗಳ ಹಿಂದೆ ಶಾಮಿಯಾನದವರು ತಂದ ಮಖಮಲ್ಲಿನ ಪರದೆ. ಅದರಾಚೆ ಹಿಂದಿನ ಗೋಡೆಯವರೆಗೆ ಬೆಂಚುಗಳು. ಅವು ಗಣಿಯ ಹಳೆಯ ಕೆಲಸಗಾರರಿಗೆ ಮತ್ತು ಅವರ ಮನೆಯವರಿಗೆ.

ಅವಳು ಮಧ್ಯಾಹ್ನವೇ ಬಂದಳು. ದೊಡ್ಡಪ್ಪನ ಕಾಲಿಗೆ ನಮಸ್ಕರಿಸಿದಳು. ಆಮೇಲೆ ಅಭ್ಯಾಸದಂತೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತಳು. ಶ್ರುತಿ ಮಾಡುವವನು ನುಡಿಸಿದ. ಪರದೆಯ ಈಚೆ ಅವಳಿಗೆ ಕೇಳಿಸಿದ್ದು ದುಂ ದುಂ ದುಮ್ಮ. ಐವತ್ತು ವರ್ಷದ ಹಿಂದೆ ಅದೇ ಗೋಡೆಯ ಆಚೆ ಕೇಳಿಸಿದ್ದು ಎಷ್ಟೋ, ಅಷ್ಟೇ.

ಎದ್ದು ಬಂದು, ಪರದೆ ತೆಗೆಸಬೇಕು, ಕಂಬಳಿ, ಸೋಫಾ ಹೊರಗೆ ಹೋಗಬೇಕು, ಮುಚ್ಚಳ ತೆರೆಯಬೇಕು ಎಂದಳು. ಸಮಿತಿಯವರು ಮುಖ ಮುಖ ನೋಡಿಕೊಂಡರು. ಸಂಜೆ ಮಂತ್ರಿಗಳು ಬರುವವರಿದ್ದರು. ಅವರನ್ನು ಎಲ್ಲಿ ಕೂರಿಸುವುದೆಂದು ಕಾರ್ಯದರ್ಶಿ ಕೇಳಿದ. ಬೆಂಚು ಇವೆಯಲ್ಲ ಎಂದಳು. ಪತ್ರಿಕೆಯವರು ಬರೆದದ್ದು ಸುಳ್ಳಲ್ಲ ಎಂದು ಯಾರೋ ಅವಳಿಗೆ ಕೇಳಿಸುವ ಹಾಗೇ ಅಂದರು.

ದೊಡ್ಡಪ್ಪ ಕೋಲೂರಿಕೊಂಡು ಅವಳ ಮುಂದೆ ಬಂದು ನಿಂತ.

“ಸೋಫಾ ಹೋಗ್ಲಿ ತಾಯಿ, ಕಂಬಳೀನೂ ಹೋಗ್ಲಿ. ನಿಮ್ಮಪ್ಪನ್ನ ಮಾತ್ರ ಅಲ್ಲಿಂದ ಎತ್ತಬೇಡ. ಸಾಯೋ ತನಕ ಅವನು ಈ ಗೋಡೆ ಆಚೇನೇ ಕೂತಿದ್ದ. ಒಂದ್ ದಿನ ಒಳಗೆ, ಎಲ್ರಿಗಿಂತ ಮುಂದೆ ಅವನನ್ನ ಕೂರಿಸ್ಬೇಕು ಅಂತ ನಾನು ಬದುಕಿರೋದು.”

ಅವಳ ಜೀವನದಲ್ಲಿ ಅಷ್ಟು ಕಷ್ಟದ ಗಳಿಗೆ ಬಂದಿರಲಿಲ್ಲ. ರಾಣಿಯ ಕಂಬಳಿ ಸುತ್ತಿಸುವುದು ಸುಲಭ, ರಾಣಿ ಯಾರೋ ಏನೋ. ಇವನು ಅವಳನ್ನು ಹೆಗಲ ಮೇಲೆ ಹೊತ್ತವನು. ಅಪ್ಪ ಅಲ್ಲಿರಲಿ ಎಂದು ಬಿಟ್ಟುಕೊಟ್ಟರೆ ಇಡೀ ಊರು ಅವಳನ್ನು ತಲೆಯ ಮೇಲೆ ಹೊರುತ್ತಿತ್ತು. ಎಷ್ಟು ವಿನಯ ಎನ್ನುತ್ತಿತ್ತು. ಶಾಲನ್ನೂ ಹೊದಿಸುತ್ತಿತ್ತು.

“ದೊಡ್ಡಪ್ಪ, ಅಪ್ಪ ಅಲ್ಲಿದ್ರೆ ಮುಚ್ಚಳ ತೆಗೆಯೋಕಾಗಲ್ಲ. ಅದು ತೆಗೀದಿದ್ರೆ ನಿಮಗೆಲ್ಲ ಮತ್ತೆ ಅರ್ಧಾನೇ ಬರೋದು.”

ಅರ್ಧವೆಂದರೇನೆಂದು ಅವನಿಗೆ ತಿಳಿಯಲಿಲ್ಲ. ತಿಳಿಯುವುದಾದರೂ ಹೇಗೆ? ಅವಳು ಮುಂದಕ್ಕೆ ವಿವರಿಸಲಿಲ್ಲ. ವೇದಿಕೆ ಹತ್ತಿ, ಅಪ್ಪನ ಫೋಟೋವನ್ನು ತಾನೇ ಎರಡೂ ಕೈಯಲ್ಲಿ ಎತ್ತಿದಳು. ಸೆರಗಿನಿಂದ ಗಾಜು ಒರೆಸಿ, ತಂದು ದೊಡ್ಡಪ್ಪನ ಕೈಗೆ ಕೊಟ್ಟಳು.

ಮುದುಕ ಫೋಟೋ ತೆಗೆದುಕೊಂಡು ಹಿಂದಕ್ಕೆ ನಡೆದ. ಕೊನೆಯ ಬೆಂಚಿನಲ್ಲಿ ಕೂತು ಅದನ್ನು ಮಡಿಲಲ್ಲಿ ಮಗುಚಿ ಇಟ್ಟುಕೊಂಡ.

ಸಂಜೆ ಹಾಲು ತುಂಬಿತು. ಮಂತ್ರಿಗಳು ಬಂದರು, ಬೆಂಚು ನೋಡಿದರು, ತುರ್ತು ಕೆಲಸ ನೆನಪಾಗಿ ಹೋದರು. ಅವರ ಹಿಂದೆ ಗಣ್ಯರಲ್ಲಿ ಅರ್ಧ ಜನ ಎದ್ದು ಹೊರಗೆ ಹೋದರು. ಎಂಥ ಅಹಂಕಾರ, ಹೆತ್ತ ಅಪ್ಪನನ್ನೂ ಕೆಳಗಿಳಿಸಿದಳಲ್ಲ ಎಂಬ ಮಾತು ಸಾಲಿನಿಂದ ಸಾಲಿಗೆ ಹೋಯಿತು. ಅವಳು ಬಂದಾಗ ಚಪ್ಪಾಳೆ ಹೊಡೆದವರು ಕಡಿಮೆ. ಅವಳು ಕೈಮುಗಿದು ಕೂತು ನುಡಿಸತೊಡಗಿದಳು.

ಒಂದೂವರೆ ತಾಸು ದೊಡ್ಡ ದೊಡ್ಡ ಕೃತಿಗಳನ್ನು ನುಡಿಸಿದಳು. ಜನ ಮರ್ಯಾದೆಯಿಂದ ಕೇಳಿದರು. ಕೊನೆಯಲ್ಲಿ ಆ ಸಣ್ಣ ಗೀತೆಗೆ ಬಂದಳು. ಮೊದಲು ಎಡಗೈ ಒಂದನ್ನೇ ಇಟ್ಟಳು. ದುಂ ದುಂ ದುಮ್ಮ.

ಹಿಂದಿನ ಬೆಂಚುಗಳಲ್ಲಿ ಏನೋ ಅಲುಗಿತು. ಒಬ್ಬ ಮುದುಕಿ ಗುನುಗಿದಳು, ಪಕ್ಕದವಳು ಸೇರಿದಳು. ಇದು ನಮ್ಮದು, ನಮ್ಮ ತೊಟ್ಟಿಲ ಹಾಡು ಎಂದು ಎಲ್ಲರ ಮುಖದಲ್ಲೂ ಗುರುತು ಮೂಡಿತು. ಆಗ ಅವಳು ಬಲಗೈ ಸೇರಿಸಿದಳು. ಎಷ್ಟು ಮೆಲ್ಲಗೆ ಸಾಧ್ಯವೋ ಅಷ್ಟು ಮೆಲ್ಲಗೆ. ತೆರೆದ ಮುಚ್ಚಳದಿಂದ ಹೊರಟ ಆ ಸಣ್ಣ ಸ್ವರಗಳು ಬರೀ ನೆಲದ ಮೇಲೆ ಹಾದು, ಪರದೆ ಇಲ್ಲದ ಹಾಲನ್ನು ದಾಟಿ, ಕೊನೆಯ ಬೆಂಚಿಗೆ ಹೋಗಿ ತಲುಪಿದವು.

ಗುನುಗು ನಿಂತುಹೋಯಿತು. ಎಪ್ಪತ್ತು ವರ್ಷ ಹಾಡಿದ ಹಾಡಿಗೆ ಹೀಗೊಂದು ಮೇಲ್ಭಾಗ ಇತ್ತೆಂದು ಅವರಿಗೆ ಆಗ ಗೊತ್ತಾಯಿತು. ಕೆಲವರು ಅತ್ತರು. ದೊಡ್ಡಪ್ಪ ಮಡಿಲಲ್ಲಿ ಮಗುಚಿದ್ದ ಫೋಟೋವನ್ನು ತೆಗೆದು, ಎದೆಯ ಮಟ್ಟಕ್ಕೆ ಎತ್ತಿ, ವೇದಿಕೆಯ ಕಡೆಗೆ ತಿರುಗಿಸಿ ಹಿಡಿದುಕೊಂಡ. ಗೀತೆ ಮುಗಿಯುವ ತನಕ ಹಾಗೇ ಹಿಡಿದಿದ್ದ.

ಅವಳು ಅದನ್ನು ಕಂಡಳು. ಕಂಡು ಗೀತೆಯನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡಳು. ಈ ಸಲ ಬಲಗೈಯಲ್ಲಿ ಮಾತ್ರ. ಜಗತ್ತೆಲ್ಲ ಹೊಗಳಿದ ಎಡಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಕೊನೆಯ ಬೆಂಚಿನಿಂದ ಶುರುವಾಗಿ ಇಡೀ ಹಾಲು ದುಂ ದುಂ ದುಮ್ಮ ಎಂದಿತು. ಅವಳು ರಾಗ, ಅವರು ನಡೆ. ಆ ದಿನ ಅವಳು ಊರಿಗೆ ಎಡಗೈಯ ಕೆಲಸ ಕೊಟ್ಟಳು, ಊರು ತಪ್ಪಿಲ್ಲದೆ ಮಾಡಿತು. ಹೊರಗೆ ಹೋಗಿದ್ದ ಗಣ್ಯರು ಕಾರುಗಳ ಹತ್ತಿರ ನಿಂತು ಗೋಡೆಯ ಆಚೆಯಿಂದ ಕೇಳಿದರಂತೆ. ಅವರಿಗೆ ಎಷ್ಟು ಕೇಳಿಸಿತೋ ನಾನರಿಯೆ.

ಎಲ್ಲ ಮುಗಿದ ಮೇಲೆ ಅವಳೇ ನಡೆದು ಕೊನೆಯ ಬೆಂಚಿಗೆ ಹೋದಳು. ಏಳಲು ಹೊರಟ ಮುದುಕನನ್ನು ತಡೆದು ಪಕ್ಕದಲ್ಲಿ ಕೂತಳು. ಅವನು ಕೇಳಿದ.

“ಇಷ್ಟು ವರ್ಷ ನಮ್ಮ ಪಾಲು ಎಲ್ಲಿತ್ತು ತಾಯಿ?”

“ಇಲ್ಲೇ, ಒಳಗಿನ ಕಂಬಳಿ ಮೇಲೇ ಬಿದ್ದಿತ್ತು ದೊಡ್ಡಪ್ಪ.”

ಮಾರನೆಯ ದಿನ ಒಂದು ಪತ್ರಿಕೆ, ತವರೂರಿನಲ್ಲೂ ತಲೆ ತಗ್ಗಿಸದ ಕಲಾವಿದೆ ಎಂದು ಬೈದು ಬರೆಯಿತು. ದೊಡ್ಡಪ್ಪ ಅದನ್ನು ಮೊಮ್ಮಗಳಿಂದ ಓದಿಸಿ ಕೇಳಿದ. ಕೇಳಿ, ಆ ಹಾಳೆಯನ್ನು ಕತ್ತರಿಸಿ, ಹಳೆಯ ತಂತಿಯ ಜೊತೆಗೆ ಪೆಟ್ಟಿಗೆಯಲ್ಲಿ ಇಟ್ಟುಕೊಂಡ. ಬೈಗುಳವನ್ನು ಬಹುಮಾನದ ಪಕ್ಕ ಇಟ್ಟುಕೊಂಡ ಮನುಷ್ಯನ ಹೆಮ್ಮೆ ಎಂಥದ್ದಿರಬೇಕು ನೋಡು.

ಮೇಷ್ಟ್ರು ಕತೆ ನಿಲ್ಲಿಸಿ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಪ್ರಾಣೇಶನ ಮುಖ ಅರಳಿತ್ತು. ಕಣ್ಣಲ್ಲಿ ನೀರೂ ಇತ್ತು. ಗೋಡೆಗೆ ಒರಗಿಸಿದ್ದ ಪೆಟ್ಟಿಗೆಯನ್ನು ಮುಂದಕ್ಕೆ ತಂದುಕೊಂಡು ಬಿಚ್ಚಲು ಕೈಹಾಕಿದ. ಆದರೂ ಅವನಿಗೆ ಇನ್ನೊಂದು ಮಾತು ಉಳಿದಿತ್ತು.

“ಅವರು ಅಷ್ಟು ದೊಡ್ಡೋರು ಮೇಷ್ಟ್ರೇ, ಅವರಿಗೆ ಹೆಮ್ಮೆ ಒಪ್ಪತ್ತೆ. ನನ್ನಂಥೋನು ನಿನ್ನೆ ವಿನಯವಾಗಿ ನಡ್ಕೊಂಡಿದ್ದು ಸರಿ ತಾನೇ?”

ಮೇಷ್ಟ್ರು ಅಡಿಕೆ ಹೋಳೊಂದನ್ನು ಬಾಯಿಗೆ ಹಾಕಿಕೊಂಡರು.

“ವಿನಯವಾಗಿರಪ್ಪ, ಬೇಡ ಅಂದೋರ್ಯಾರು, ಆದ್ರೆ ಬಕೆಟ್ಟು ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ರಲ್ಲ, ಅವರ ಪಾಲನ್ನ ಬಿಟ್ಟುಕೊಟ್ಟು ವಿನಯ ತೋರ್ಸೋಕೆ ನೀನ್ಯಾರು?”

ಪೆಟ್ಟಿಗೆಯ ಮೇಲಿದ್ದ ಪ್ರಾಣೇಶನ ಕೈ ಅಲ್ಲೇ ನಿಂತಿತು.